ಒಂಟಿ ಬೆನ್ನು

ಒಂಟಿ ಬೆನ್ನು ಬಂತೆಂದರೆ ಸೀಟಿನಿಂದ ಎದ್ದು ನಿಲ್ಲಬೇಕು. ಮೊಣಕಾಲು ಸಡಿಲ ಬಿಡಬೇಕು. ಹ್ಯಾಂಡಲ್ ಗಟ್ಟಿ ಹಿಡಿಯಬೇಕು. ಇದನ್ನು ಭಾಗ್ಯಾ ದಿನಕ್ಕೆ ಆರು ಸಲ ಹೇಳುತ್ತಿದ್ದಳು. ರಜೆಯ ದಿನ ಹತ್ತು ಸಲ.

“ಏರೂಮುಂದ ರೇಸ್ ಕೊಡ್ರಿ, ಇಳಿಯೂಮುಂದ ಬಿಡ್ರಿ. ಹೊಟ್ಟ್ಯಾಗ ಗುಬುಕ್ ಅಂತೈತಿ. ಅಂಜಬ್ಯಾಡ್ರಿ, ನಾ ಮುಂದ ಇರ್ತೇನಿ.”

ಬಂದವರು ನಗುತ್ತಿದ್ದರು. ಏರಿಳಿದ ಮೇಲೆ ಇನ್ನೂ ಜೋರಾಗಿ ನಗುತ್ತಿದ್ದರು. ಇಡೀ ಸುತ್ತಿನಲ್ಲಿ ಜನ ಖುಷಿಗೆ ಕಿರುಚುವ ಜಾಗ ಅದೊಂದೇ. ಒಂದರ ಹಿಂದೆ ಒಂದು ದಿಬ್ಬ.

ಆ ದಿಬ್ಬಗಳು ಗೋರಿಗಳು. ಬಂದವರಿಗೆ ಅದು ಗೊತ್ತಿರಲಿಲ್ಲ. ಭಾಗ್ಯಾಳಿಗೆ ಗೊತ್ತಿತ್ತು.

ಭೀಮಾ ನದಿಯ ದಂಡೆ, ದೇವಣಗಾಂವದಿಂದ ಮೂರು ಮೈಲು ಕೆಳಗೆ. ದುಂಡೇಶಗೌಡ ಅಲ್ಲಿ ಹದಿನೆಂಟು ಎಕರೆಗೆ ತಂತಿ ಬೇಲಿ ಹಾಕಿ, ಹಸಿರು ಪರದೆ ಬಿಗಿದು, ಎಂಟು ತಗಡಿನ ಕೋಣೆ ಕಟ್ಟಿಸಿದ್ದ. ತಗಡಿನ ಮೇಲೆ ಹುಲ್ಲು ಹೊದಿಸಿ ಹಳ್ಳಿ ಮನೆ ಎಂದು ಹೆಸರಿಟ್ಟಿದ್ದ. ಪುಣೆಯಿಂದ ಬೈಕಿನಂತೆ ಹ್ಯಾಂಡಲ್ ಇರುವ, ನಾಲ್ಕು ದಪ್ಪ ಗಾಲಿಯ ಐದು ಗಾಡಿ ತರಿಸಿದ್ದ. ವಿಜಯಪುರ, ಸೊಲ್ಲಾಪುರ, ಕಲಬುರಗಿಯಿಂದ ಜನ ರಜೆಗೆ ಬರುತ್ತಿದ್ದರು. ಗಾಡಿ ಏರಿ, ಕರಿಮಣ್ಣಿನ ಧೂಳೆಬ್ಬಿಸುತ್ತ, ತೊಗರಿ ಹೊಲದ ಬದು, ಹಳ್ಳದ ಉಸುಕು, ಜಾಲಿಕಂಟಿಗಳ ನಡುವೆ ಮುಕ್ಕಾಲು ತಾಸು ಸುತ್ತಿ ಬರುತ್ತಿದ್ದರು. ಎಲ್ಲರ ಮುಂದಿನ ಗಾಡಿ ಭಾಗ್ಯಾಳದು.

ಭಾಗ್ಯಾ ಅಲ್ಲೇ ಪಕ್ಕದ ಊರ ಹೊಲಗೇರಿಯ ಕಾಶಿಬಾಯಿಯ ಮಗಳು. ಇಪ್ಪತ್ತಾರು ವರ್ಷ. ಹದಿನೆಂಟರಿಂದ ಕಬ್ಬಿನ ಗ್ಯಾಂಗಿನ ಜೊತೆ ಕೊಲ್ಲಾಪುರದ ಕಡೆ ದುಡಿದವಳು. ನಸುಕಿಗೆ ಕೊಯ್ತಾ ಕತ್ತಿ ಹಿಡಿದರೆ ಹೊತ್ತು ಮುಳುಗುವವರೆಗೆ ಕಡಿಯಬೇಕು. ಆಮೇಲೆ ಹೊರೆ ಹೊತ್ತು, ಅಡ್ಡ ಹಲಗೆ ಏರಿ, ಟ್ರೇಲರಿಗೆ ಎಸೆಯಬೇಕು. ಅವಳ ನೆತ್ತಿಯಲ್ಲಿ ಅಂಗೈ ಅಗಲ ಜಾಗಕ್ಕೆ ಕೂದಲು ಬೆಳೆಯುವುದಿಲ್ಲ. ಗ್ಯಾಂಗಿನ ಡ್ರೈವರ್ ಕುಡಿದು ಬಿದ್ದ ದಿನಗಳಲ್ಲಿ ಟ್ರ್ಯಾಕ್ಟರ್ ಹೊಡೆಯಲು ಕಲಿತಳು. ಅದು ಕಿವಿಗೆ ಬಿದ್ದು ದುಂಡೇಶಗೌಡ ಕರೆಸಿದ.

“ಹೆಣ್ಣಮಗಳು ಮುಂದಿದ್ರ ಫ್ಯಾಮಿಲಿ ಮಂದಿ ಅಂಜಂಗಿಲ್ಲ,” ಎಂದ.

ಶರ್ಟು ಕೊಟ್ಟ. ಹೆಲ್ಮೆಟ್ಟು ಕೊಟ್ಟ. ಮೊಣಕಾಲ ಮಟ ಬರುವ ಬೂಟು ಕೊಟ್ಟ. ರಸ್ತೆಯ ಬೋರ್ಡಿನಲ್ಲಿ ಅವಳ ಫೋಟೋ ಹಾಕಿಸಿದ. ಅಡಿಗೆಮನೆಯ ಹೊಸ್ತಿಲು ಮಾತ್ರ ಅವಳು ದಾಟುವಂತಿರಲಿಲ್ಲ. ಅವಳ ಊಟ ಜನರೇಟರಿನ ಹಿಂದೆ, ಪತ್ರಾವಳಿಯಲ್ಲಿ. ನೀರಿಗೆ ಬೇರೆ ಬಾಟಲಿ. ಅವಳು ಅದನ್ನು ನುಂಗಿಕೊಂಡಳು. ಬೂಟು ಕಾಲಿಗೆ ಸರಿಯಾಗಿ ಕೂತಿತ್ತು.

ತಪ್ಪು ನಡೆದದ್ದು ದಾರಿ ಮಾಡುವಾಗ. ಶ್ರಾವಣ ಕಳೆದಿತ್ತು. ದುಂಡೇಶಗೌಡ ಎರಡು ಸುತ್ತು ಹೊಡೆದು ಮುಖ ಗಂಟಿಕ್ಕಿದ.

“ಇದರಾಗ ಏನ ಮಜಾ ಐತಿ? ಎತ್ತಿನ ಗಾಡ್ಯಾಗ ಕುಂತಂಗ ಆಗ್ತೈತಿ. ಏರು ಇಳುವು ಎಲ್ಲ್ಯಾರ ಅದಾವೇನು?”

ಭಾಗ್ಯಾ ಅವನನ್ನು ಹಳ್ಳದ ಅಂಚಿಗೆ ಕರೆದುಕೊಂಡು ಹೋದಳು. ಯಾರೂ ಒತ್ತಾಯಿಸಿರಲಿಲ್ಲ. ಹೊಸ ಕೆಲಸ, ತನಗೆ ಈ ನೆಲ ಗೊತ್ತು ಎಂದು ತೋರಿಸಬೇಕಿತ್ತು. ಕೈ ಚಾಚಿ ದಿಬ್ಬಗಳನ್ನು ತೋರಿಸಿದ ಮೇಲೆ ಕೈ ಹಿಂದಕ್ಕೆಳೆದುಕೊಂಡಳು.

“ಇದು ನಮ್ಮ ಮಂದಿ ಸುಡಗಾಡ ರೀ, ಗೌಡ್ರ.”

“ಜಮೀನಿನ ಉತಾರದಾಗ ನಮ್ಮಪ್ಪನ ಹೆಸರೈತಿ. ಸುಡಗಾಡ ಅಂತ ಎಲ್ಲಿ ಬರದಾರ?”

“ಮುತ್ತ್ಯಾನ ಕಾಲದಿಂದ ಇಲ್ಲೇ ಇಡ್ತೇವ್ರಿ.”

“ಇನ್ನ ಮುಂದ ಹಳ್ಳದ ಆಚಿ ಇಡ್ರಿ. ಹಳೇವು ಮಣ್ಣಾಗಿರ್ತಾವ. ಕೇರ್ಯಾಗ ನಾ ಮಾತಾಡ್ತೇನಿ. ನೀ ಬಾಯಿ ತಗೀಬ್ಯಾಡ.”

ಅವನು ಮಾತಾಡಲಿಲ್ಲ. ಅವಳೂ ಬಾಯಿ ತೆಗೆಯಲಿಲ್ಲ. ಅಲ್ಲಿ ಮೊದಲ ಗಾಲಿ ಹರಿಸಿದವಳು ಅವಳೇ. ಗಾಲಿಗೆ ತಾಗುತ್ತವೆಂದು ಗುರುತಿನ ಕಲ್ಲುಗಳನ್ನು ಎತ್ತಿ ಹಳ್ಳಕ್ಕೆ ಎಸೆದವಳೂ ಅವಳೇ. ಒಂದೊಂದು ಕಲ್ಲು ಎತ್ತುವಾಗಲೂ ಅದು ಯಾರದೆಂದು ಗೊತ್ತಾಗುತ್ತಿತ್ತು. ಕಣ್ಣು ಬೇರೆ ಕಡೆ ಇಟ್ಟು ಎತ್ತಿದಳು. ಒಂಟೆಯ ಬೆನ್ನಿನಂತೆ ಏರಿಳಿಯುತ್ತದೆಂದು ದುಂಡೇಶಗೌಡ ಆ ಜಾಗಕ್ಕೆ ಒಂಟಿ ಬೆನ್ನು ಎಂದು ಬರೆದ ಬೋರ್ಡು ನೆಡಿಸಿದ.

ಸೋದರಮಾವ ಮಾನಪ್ಪ ಒಮ್ಮೆ ಕೇಳಿದ್ದ. ಕೇರಿಯಲ್ಲಿ ಯಾರು ಸತ್ತರೂ ಕುಣಿ ತೆಗೆಯುವವನು ಅವನೇ.

“ಭಾಗಿ, ಪರದಿ ಕಟ್ಟ್ಯಾರಲ್ಲ. ಒಳಗ ಸುಡಗಾಡ ಹೆಂಗೈತಿ?”

“ಹಂಗ ಐತಿ ಮಾಮಾ. ಮುಟ್ಟಿಲ್ಲ.”

ಆ ಸುಳ್ಳು ಸಲೀಸಾಗಿ ಬಂತು. ಹನಮವ್ವನಿಗೆ ಹೇಳಿದ್ದು ಅಷ್ಟು ಸಲೀಸಾಗಿ ಬರಲಿಲ್ಲ.

ಹನಮವ್ವ ಕೇರಿಯ ಸೂಲಗಿತ್ತಿ. ಭಾಗ್ಯಾಳ ಹೊಕ್ಕುಳು ಕೊಯ್ದವಳು. ಎಷ್ಟೋ ಕೂಸುಗಳನ್ನು ಉಳಿಸಿದ ಆ ಕೈಗೆ ತನ್ನವು ಮೂರೂ ದಕ್ಕಿರಲಿಲ್ಲ. ಮೂರನ್ನೂ ಹಳ್ಳದ ಅಂಚಿನಲ್ಲಿ ಸಾಲಾಗಿ ಮಲಗಿಸಿದ್ದಳು. ನಲವತ್ತು ವರ್ಷ ಆಗಿತ್ತು. ಮಳೆಗೆ ಕರಗಿದ ದಿಬ್ಬಗಳಿಗೆ ಪ್ರತಿ ವರ್ಷ ಎಳ್ಳಮವಾಸ್ಯೆಗೆ ಮುಂಚೆ ಒಂದೊಂದು ಬುಟ್ಟಿ ಮಣ್ಣು ಹಾಕಿ ಬರುತ್ತಿದ್ದಳು. ಈ ವರ್ಷ ದಸರೆಯಿಂದ ಹಾಸಿಗೆ ಹಿಡಿದಿದ್ದಳು.

“ನೀ ಅಲ್ಲೇ ದುಡೀತಿ. ನನ್ನ ಕೂಸುಗಳಿಗೆ ಒಂದೊಂದು ಬುಟ್ಟಿ ಮಣ್ಣ ಹಾಕಿ ಬಾ, ನನ್ನವ್ವ.”

“ಹಾಕ್ತೇನಿ, ಆಯಿ.”

ಮರುದಿನ ಸಂಜೆ ಮತ್ತೆ ಕರೆಸಿ ಕೇಳಿದಳು.

“ಹಾಕಿದೇನು?”

“ಹಾಕೇನಿ.”

“ಮೂರಕ್ಕೂ?”

“ಮೂರಕ್ಕೂ.”

ಹನಮವ್ವ ಅವಳ ಕೈ ಎಳೆದು ಕಣ್ಣಿಗೆ ಒತ್ತಿಕೊಂಡಳು. ಅವತ್ತು ಆ ಮೂರು ದಿಬ್ಬಗಳ ಮೇಲೆ ಆರು ಸಲ ಗಾಡಿ ಹೊಡೆದಿದ್ದ ಕೈ. ಭಾಗ್ಯಾ ಮನೆಗೆ ಬಂದು ಕೈ ತೊಳೆದಳು. ಮತ್ತೊಮ್ಮೆ ತೊಳೆದಳು. ಉಣ್ಣಲಿಲ್ಲ. ಬೆಳಗಾದ ಮೇಲೆ ಬೂಟು ಹಾಕಿಕೊಂಡು ಕೆಲಸಕ್ಕೆ ಹೋದಳು.

ಎಳ್ಳಮವಾಸ್ಯೆಯ ನಸುಕಿನಲ್ಲಿ ಹನಮವ್ವ ಸತ್ತಳು.

ಅವತ್ತು ಸುತ್ತಿನ ಊರುಗಳೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯ ಅನ್ನವನ್ನು ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುವ ದಿನ. ಹೊಲ ಇಲ್ಲದ ಪೇಟೆಯವರಿಗಾಗಿ ದುಂಡೇಶಗೌಡ ಹಬ್ಬದ ಊಟವನ್ನೂ ಗಾಡಿಯ ಸುತ್ತನ್ನೂ ಕೂಡಿಸಿ ಮಾರಿದ್ದ. ಕೆಲಸದವರು ಯಾರೂ ತಪ್ಪಿಸಬಾರದೆಂದು ಹಿಂದಿನ ದಿನವೇ ಹೇಳಿದ್ದ.

“ಇವತ್ತ ಹೋಗಬ್ಯಾಡ,” ಎಂದಳು ಕಾಶಿಬಾಯಿ. “ಆಕಿ ನಿನ್ನ ಎತ್ತಿ ಆಡಿಸಿದಾಕಿ.”

“ಲಚ್ಯಾಣದಿಂದ ಆಕಿ ತಂಗಿ ಬರಬೇಕು. ಮಣ್ಣ ಆಗೂದು ಸಂಜಿಗೆ. ಅಷ್ಟ್ರಾಗ ಬರ್ತೇನಿ.”

ಓಡಿಹೋದಳು ಎನ್ನಬೇಕು. ಆ ಹೆಣದ ಮುಂದೆ ಕೂರಲು ಅವಳಿಂದ ಆಗುತ್ತಿರಲಿಲ್ಲ. ಸಂಜೆ ಏನಾಗುತ್ತದೆ ಎಂಬುದನ್ನು ಅವಳು ಯೋಚಿಸಲೇ ಇಲ್ಲ. ಯೋಚಿಸಿದ್ದರೆ ಕಾಲು ಏಳುತ್ತಿರಲಿಲ್ಲ.

ಮಧ್ಯಾಹ್ನದ ಸುತ್ತಿನಲ್ಲಿ ಕಲಬುರಗಿಯ ಗಂಡ ಹೆಂಡತಿ ಇದ್ದರು. ಸಂಜೀವಕುಮಾರ, ಪಲ್ಲವಿ. ಇಬ್ಬರೂ ಕಾಲೇಜಿನಲ್ಲಿ ಪಾಠ ಹೇಳುವವರು. ಕೆಟ್ಟವರಲ್ಲ. ಭಾಗ್ಯಾಳಿಗೆ ಬಹುವಚನ ಕೊಟ್ಟು ಮಾತಾಡಿಸಿದರು. ತಾವು ತಂದಿದ್ದ ಶೇಂಗಾ ಚಿಕ್ಕಿ ಕೊಟ್ಟರು. ಪಲ್ಲವಿಗೆ ಮೊದಲು ಹೆದರಿಕೆ ಇತ್ತು. ಬದು ದಾಟುವಾಗ ಎರಡು ಸಲ ಗಾಡಿ ನಿಲ್ಲಿಸಿದರು. ಹಳ್ಳದ ಉಸುಕಿನಲ್ಲಿ ಗಾಲಿ ಹೂತಾಗ ಭಾಗ್ಯಾ ಇಳಿದು, ಹೆಗಲು ಕೊಟ್ಟು ನೂಕಿದಳು. ಉಸುಕು ಬಾಯಿಗೆ ಬಂತು. ಉಗುಳಿದಳು. ಮುಂದೆ ಹೋದಳು.

ಒಂಟಿ ಬೆನ್ನು ಬಂತು. ಭಾಗ್ಯಾ ಎದ್ದು ನಿಂತಳು. ಹಿಂದಿನವರೂ ಎದ್ದು ನಿಂತರು. ಏರಿದರು, ಇಳಿದರು. ಪಲ್ಲವಿ ಕಿರುಚಿದರು, ನಕ್ಕರು. ಕೊನೆಯ ದಿಬ್ಬ ದಾಟಿ, ಗಾಡಿ ನಿಲ್ಲಿಸಿ, ಕನ್ನಡಕ ತೆಗೆದು ಹಿಂದೆ ನೋಡಿದರು.

“ದಿಬ್ಬ ಎಲ್ಲಾ ಭಾಳ ಛಂದ ಅದಾವಲ್ರಿ. ಮಾಡಿಸ್ಯಾರೇನು?”

“ಹೌದ್ರಿ. ಜೆಸಿಬಿಲೆ ಮಾಡಿಸ್ಯಾರ.”

“ಅಲ್ಲೆ ಮೂರು ಸಣ್ಣವು ಅದಾವಲ್ಲ, ಸಾಲಾಗಿ. ಟಪ್ ಟಪ್ ಟಪ್ ಅಂತಾವ. ಅವುಗಳ ಮ್ಯಾಲ ಇನ್ನೊಮ್ಮೆ ಹೋಗೂಣೇನ್ರಿ?”

ಭಾಗ್ಯಾ ಅವರ ಮುಖ ನೋಡಿದಳು. ಒಂದು ಮಾತು ಸಾಕಿತ್ತು. ಗಾಡಿ ತಿರುಗಿಸಿದಳು. ಹೋದರು. ಟಪ್, ಟಪ್, ಟಪ್.

ಆಗ ಫೋನು ಬಂತು. ದುಂಡೇಶಗೌಡ.

“ಗೇಟಿಗೆ ಬಾ. ಲಗೂನ ಬಾ. ನಿನ್ನ ಮಂದಿ ಹೆಣ ಹೊತಗೊಂಡ ಬಂದಾರ.”

ಬಂದವರನ್ನು ನಡುದಾರಿಯಲ್ಲಿ ಬಿಡುವಂತಿರಲಿಲ್ಲ. ಅವರೂ ಹಿಂದೆಯೇ ಬಂದರು.

ಗೇಟಿನ ಹೊರಗೆ ಅರವತ್ತು ಎಪ್ಪತ್ತು ಜನ. ಹೆಗಲ ಮೇಲೆ ಚಟ್ಟ. ಚಟ್ಟದ ಮೇಲೆ ಹನಮವ್ವ, ಒಂದು ಹಿಡಿ ಆಗಿದ್ದಳು. ಲಚ್ಯಾಣದ ತಂಗಿ ಬೇಗ ಬಂದುಬಿಟ್ಟಿದ್ದಳು. ಹಲಗೆ ವಾದ್ಯ ಬಡಿಯುತ್ತಿದ್ದರು. ಮಾನಪ್ಪನ ಹೆಗಲಲ್ಲಿ ಗುದ್ದಲಿ ಇತ್ತು. ಒಳಗಿನಿಂದ ಹಬ್ಬದ ಅಡಿಗೆಯ ವಾಸನೆ ಬರುತ್ತಿತ್ತು.

“ಏ ಮಾನ್ಯಾ, ಮೊದಲ ಹಲಗಿ ನಿಂದ್ರಸು,” ಎಂದ ದುಂ‌ಡೇಶಗೌಡ. ಅವನಿಗೆ ಮೂವತ್ತೈದು. ಮಾನಪ್ಪನಿಗೆ ಅರವತ್ತು ದಾಟಿತ್ತು. “ಮಂದಿ ಉಣ್ಣಾಕ ಕುಂತಾರ. ಹಬ್ಬದ ದಿನ ಹೆಣ ತೋರಸಾಕ ಬಂದೀರೇನು?”

ಹಲಗೆ ನಿಂತಿತು.

“ಆಕಿ ಹಬ್ಬ ನೋಡಿ ಸತ್ತಿಲ್ರಿ, ಗೌಡ್ರ. ದಾರಿ ಬಿಡ್ರಿ. ಕುಣಿ ತಗೀಬೇಕು.”

“ಹಳ್ಳದ ಆಚಿ ತಗೀ ಹೋಗು.”

“ಅಲ್ಲಿ ಬರೇ ಕಲ್ಲ ರೀ. ಮತ್ತ ಆಕಿ ತನ್ನ ಕೂಸುಗಳ ಮಗ್ಗಲಕ್ಕ ಇಡ್ರಿ ಅಂದಾಳ. ಸಾಯೂಮುಂದ ಅದೊಂದ ಕೇಳ್ಯಾಳ.”

“ಯಾ ಕೂಸು? ಇಲ್ಲಿ ಯಾವ ಕುಣೀನೂ ಇಲ್ಲ. ನಿಮ್ಮ ಹುಡುಗೀನ ಕೇಳ್ರಿ, ದಿನಾ ಅಡ್ಡ್ಯಾಡ್ತಾಳ.” ದುಂಡೇಶಗೌಡ ತಿರುಗಿದ. “ಹೇಳು ಭಾಗ್ಯಾ. ಏನರ ಐತೇನು ಅಲ್ಲಿ?”

ಎಲ್ಲರೂ ಅವಳನ್ನು ನೋಡಿದರು. ಕಾಶಿಬಾಯಿ ಮುಂದೆಯೇ ನಿಂತಿದ್ದಳು. ಭಾಗ್ಯಾ ಹೆಲ್ಮೆಟ್ಟು ತೆಗೆದಳು. ಇಲ್ಲ ಎನ್ನುವುದು ಸುಲಭವಿತ್ತು. ಎರಡು ಅಕ್ಷರ. ನಾಲ್ಕು ತಿಂಗಳಿಂದ ಅದನ್ನೇ ಬೇರೆ ಬೇರೆ ಮಾತಿನಲ್ಲಿ ಅನ್ನುತ್ತ ಬಂದಿದ್ದಳು.

“ಅದಾವ,” ಎಂದಳು.

“ಏನಂದಿ?”

“ಕುಣಿ ಅದಾವ. ಹನಮವ್ವಾಯಿ ಕೂಸುಗಳೂ ಅದಾವ. ನಾ ಅವುಗಳ ಮ್ಯಾಲ ಗಾಡಿ ಹೊಡದೇನಿ. ಈಗೂ ಹೊಡಕೊಂಡ ಬಂದೇನಿ.”

ಹಿಂದಿನ ಗಾಡಿಯ ಮೇಲಿದ್ದ ಪಲ್ಲವಿ ಬಾಯಿ ಮೇಲೆ ಕೈ ಇಟ್ಟುಕೊಂಡರು. ಇಳಿದು ಗಾಡಿಯಿಂದ ದೂರ ಸರಿದರು, ಅದು ಸುಡುತ್ತದೆ ಎಂಬಂತೆ. ಸಂಜೀವಕುಮಾರ ಎಂಜಿನ್ ಆರಿಸಿದರು.

ಗೇಟಿನ ಕೀಲಿ ಭಾಗ್ಯಾಳ ಸೊಂಟದಲ್ಲಿತ್ತು. ಅವಳು ಬೀಗಕ್ಕೆ ಕೈ ಹಾಕಿದಳು.

“ಕೀಲಿ ತಗದಿ ಅಂದ್ರ ನಾಳಿಂದ ಬರಬ್ಯಾಡ,” ಎಂದ ದುಂಡೇಶಗೌಡ.

“ಬರಂಗಿಲ್ರಿ.”

ಅವನು ಅವಳ ಕೈ ಹಿಡಿಯಲು ಬಂದ. ಹಿಡಿಯಲಿಲ್ಲ. ಆ ಹೊತ್ತಿನಲ್ಲೂ ಅವನಿಗೆ ಮೈಲಿಗೆ ನೆನಪಿತ್ತು. ಬೀಗ ತೆರೆಯಿತು.

ಜನ ಒಳಗೆ ಬಂದು ಹಳ್ಳದ ಅಂಚಿಗೆ ನಡೆದರು. ನೆಲ ನೋಡಿ ನಿಂತುಬಿಟ್ಟರು. ಉದ್ದಕ್ಕೂ ಗಾಲಿಯ ಗೆರೆ. ಹೆಂಗಸರು ಚಟ್ಟ ಬಿಟ್ಟು ತಮ್ಮ ತಮ್ಮವರನ್ನು ಹುಡುಕುತ್ತ ಓಡಿದರು. ಕಲ್ಲಿಲ್ಲ, ಗುರುತಿಲ್ಲ. ಯಾವುದು ಗಂಡನದು, ಯಾವುದು ಮಗನದು ತಿಳಿಯದೆ ಸಿಕ್ಕ ದಿಬ್ಬದ ಮೇಲೆ ಬಿದ್ದು ಅತ್ತರು. ಭಾಗ್ಯಾಳನ್ನು ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೆ ಹಗುರಾಗುತ್ತಿತ್ತು. ಕಾಶಿಬಾಯಿ ಮಗಳ ಮುಖ ನೋಡಲಿಲ್ಲ.

ಭಾಗ್ಯಾ ಹೋಗಿ ಮೂರು ಸಣ್ಣ ದಿಬ್ಬಗಳ ಪಕ್ಕ ನಿಂತಳು. “ಇಲ್ಲೆ, ಮಾಮಾ.”

ಮಾನಪ್ಪ ಗುದ್ದಲಿ ಎತ್ತಿ ಹಾಕಿದ. ಠಣ್ ಎಂದು ಪುಟಿಯಿತು. ಬೆಣ್ಣೆಯಂತೆ ಬಿಡುತ್ತಿದ್ದ ಹಳ್ಳದಂಚಿನ ಮಣ್ಣು ಗಾಲಿ ತುಳಿದು ತುಳಿದು ಡಾಂಬರಿನಂತಾಗಿತ್ತು. ಇನ್ನೊಂದು ಹಾಕಿದ. ಚೂರು ಎದ್ದಿತು. ಭಾಗ್ಯಾ ಬೂಟು ಕಳಚಿದಳು. ಕೈ ಚಾಚಿದಳು.

“ಹೆಂಗಸು ಕುಣಿ ತಗೀಬಾರದು,” ಎಂದಿತು ಯಾರದೋ ದನಿ.

“ತಗೀಲಿ,” ಎಂದ ಮಾನಪ್ಪ. “ನೆಲ ಗಟ್ಟಿ ಮಾಡಿದಾಕಿ ಆಕೀನ.”

ಗುದ್ದಲಿ ಅವಳ ಕೈಗೆ ಬಂತು. ಅವಳು ಅಗೆದಳು. ಕಬ್ಬು ಕಡಿದ ಕೈ, ಹೊರೆ ಹೊತ್ತ ಬೆನ್ನು. ಆದರೂ ಒಂದು ಮೊಳಕ್ಕೆ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಎರಡು ಮೊಳಕ್ಕೆ ಬೊಬ್ಬೆ ಒಡೆಯಿತು. ಗುದ್ದಲಿಯ ಹಿಡಿ ರಕ್ತಕ್ಕೆ ಜಾರತೊಡಗಿತು. ಮಣ್ಣು ಸವರಿಕೊಂಡು ಮತ್ತೆ ಹಿಡಿದಳು. ಒಂದು ತಾಸಿನ ಕುಣಿ ಮೂರು ತಾಸು ತಿಂದಿತು. ಯಾರೂ ನೀರು ಕೊಡಲಿಲ್ಲ. ಅವಳೂ ಕೇಳಲಿಲ್ಲ. ಎದೆಮಟ್ಟ ಆದಾಗ ಮಾನಪ್ಪ “ಸಾಕು” ಎಂದ.

ಹನಮವ್ವನನ್ನು ಇಳಿಸಿದರು. ಎಲ್ಲರೂ ಮಣ್ಣು ಹಾಕಿದರು. ಭಾಗ್ಯಾಳನ್ನು ಯಾರೂ ಕರೆಯಲಿಲ್ಲ. ಜನ ಹೋದ ಮೇಲೆ ಅವಳು ಉಳಿದ ಮಣ್ಣನ್ನು ಬುಟ್ಟಿಗೆ ತುಂಬಿದಳು. ಮೂರು ದಿಬ್ಬಕ್ಕೆ ಮೂರು ಬುಟ್ಟಿ. ಹಾಕಿದೆ ಎಂದು ಹೇಳಲು ಕೇಳಿದವಳು ಇರಲಿಲ್ಲ.

ಮೂರನೆಯ ದಿನ ಜೆಸಿಬಿ ಬಂತು. ಹೊಸ ಗೋರಿಯೊಂದನ್ನು ಬಿಟ್ಟು ಹಳ್ಳದ ಅಂಚನ್ನೆಲ್ಲ ಸಪಾಟು ಮಾಡಿತು. ಮಾನಪ್ಪ ಸಿಂದಗಿಯ ಸರಕಾರಿ ಕಚೇರಿಗೆ ಹೋಗಿ ಅರ್ಜಿ ಕೊಟ್ಟ. ದುಂಡೇಶಗೌಡ ಭಾಗ್ಯಾಳನ್ನು ಡಾಂಬರು ರಸ್ತೆಗೆ ಕರೆಸಿದ; ಅವನು ಕೇರಿಯೊಳಗೆ ಕಾಲಿಡುವುದಿಲ್ಲ.

“ಒಂದ ಹೆಣ ಇಟ್ಟೀರಿ. ಅದಕ್ಕ ನಾ ಏನೂ ಅನ್ನಂಗಿಲ್ಲ. ಹಳೇವು ಇದ್ದವು ಅಂತ ನೀ ಹೇಳಿದ್ರ, ಅವನ್ನ ಹಾಳ ಮಾಡಿದಾಕಿ ನೀನ ಆಗ್ತಿ. ಕೇಸ್ ಮೊದಲ ನಿನ್ನ ಮ್ಯಾಲ ಬೀಳ್ತೈತಿ. ಗೊತ್ತಿಲ್ಲ ಅನ್ನು. ಮುಗೀತು.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಅವಳನ್ನು ಚುಚ್ಚಿತು. ಮನೆಯಲ್ಲಿ ಹೇಳೋಣವೆಂದರೆ ಕಾಶಿಬಾಯಿ ಮಾತು ಬಿಟ್ಟಿದ್ದಳು. ರೊಟ್ಟಿ ಬಡಿದು ಮುಂದೆ ಇಡುತ್ತಿದ್ದಳು. ಅಷ್ಟೇ.

ಹತ್ತನೆಯ ದಿನ ಸಿಂದಗಿಯಿಂದ ಒಬ್ಬ ಅಧಿಕಾರಿ ಬಂದರು. ಬರೆದುಕೊಳ್ಳಲು ಒಬ್ಬ ಗುಮಾಸ್ತ ಜೊತೆಗಿದ್ದ. ಇಡೀ ಕೇರಿ ಸೇರಿತ್ತು. ಆ ಕಡೆ ದುಂಡೇಶಗೌಡ ಕುರ್ಚಿ ಹಾಕಿಕೊಂಡು ಕೂತಿದ್ದ.

“ಗೋರಿ ಇದ್ದವು ಅನ್ನಾಕ ಏನ ಗುರುತೈತಿ?” ಎಂದರು ಅಧಿಕಾರಿ. “ಇಲ್ಲಿ ನನಗ ಒಂದ ಗೋರಿ ಕಾಣಾಕತ್ತೈತಿ.”

ಮಾನಪ್ಪ ಆ ಕಡೆ ಈ ಕಡೆ ನೋಡಿದ. ಎಲ್ಲವನ್ನೂ ಅಗೆದವನು ಅವನೇ. ಆದರೆ ಕಲ್ಲಿಲ್ಲದೆ, ಏರಿಲ್ಲದೆ, ಬೋಳು ನೆಲದಲ್ಲಿ ಅವನಿಗೂ ದಿಕ್ಕು ತಪ್ಪಿತ್ತು.

ಭಾಗ್ಯಾ ಬರಿಗಾಲಲ್ಲಿ ಮುಂದೆ ಬಂದಳು.

“ನಾ ತೋರಸ್ತೇನ್ರಿ.”

ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಮೈಗೆ ಗೊತ್ತಿತ್ತು. ನಾಲ್ಕು ತಿಂಗಳು, ದಿನಕ್ಕೆ ಆರು ಸಲ, ಎಲ್ಲಿ ಗಾಡಿ ಏರಿತ್ತು, ಎಲ್ಲಿ ಇಳಿದಿತ್ತು, ಎಷ್ಟು ದೂರಕ್ಕೆ ಮತ್ತೆ ಏರಿತ್ತು, ಎಲ್ಲ ಮೊಣಕಾಲಿನಲ್ಲಿ, ಸೊಂಟದಲ್ಲಿ ಕೂತಿತ್ತು. ಅವಳು ನಡೆದಳು. ಮೈ ಏರಬೇಕಾದ ಕಡೆ ನಿಂತಳು.

“ಇಲ್ಲೆ ಗುರಣ್ಣ ಮುತ್ತ್ಯಾ.”

ಮಾನಪ್ಪ ಗೂಟ ಬಡಿದ.

“ಇಲ್ಲೆ ಸುರೇಖಾ, ಹಾವು ಕಡದು ಸತ್ತಾಕಿ. ಇಲ್ಲೆ ಆಕಿ ಅತ್ತಿ. ಇಲ್ಲೆ ಹನಮವ್ವಾಯಿ ಮೊದಲನೇ ಕೂಸು. ಇದು ಎರಡನೇದು. ಇದು ಮೂರನೇದು.”

ಮೂವತ್ತೊಂದು ಗೂಟ ಆದವು. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಗೂಟದ ಹತ್ತಿರ ಹೋಗಿ ಕೂತರು. ದುಂಡೇಶಗೌಡ ಕುರ್ಚಿಯಿಂದ ಎದ್ದಿದ್ದ.

ಭಾಗ್ಯಾ ಇನ್ನೂ ನಿಲ್ಲಲಿಲ್ಲ. ಸಾಲು ಬಿಟ್ಟು ಎಡಕ್ಕೆ ಹತ್ತು ಹೆಜ್ಜೆ ಹೋದಳು.

“ಇಲ್ಲೊಂದೈತಿ. ನಮ್ಮಪ್ಪಂದು.”

“ಇದರ ಮ್ಯಾಲೂ ಗಾಡಿ ಹೊಡದೀಯೇನು?” ಎಂದರು ಅಧಿಕಾರಿ.

“ಇಲ್ರಿ.” ಅವಳ ದನಿ ಕೆಳಗಿಳಿಯಿತು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು. “ಇಲ್ಲಿ ದಾರಿ ತಿರಗಿಸೇನಿ. ಕೆಳಗ ಬಂಡೆಗಲ್ಲೈತಿ, ಗಾಲಿ ಒಡೀತಾವ ಅಂತ ಗೌಡ್ರಿಗೆ ಸುಳ್ಳ ಹೇಳಿದ್ನಿ. ಉಳದ ಮಂದಿ ಮ್ಯಾಲ ಹೊಡದೇನಿ. ನಮ್ಮಪ್ಪನ ಬಿಟ್ಟೇನಿ.”

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಗೂಟಗಳ ಬಳಿ ಕೂತಿದ್ದ ಹೆಂಗಸರು ತಲೆ ಎತ್ತಿ ನೋಡಿದರು. ಮಾನಪ್ಪನ ಕೈಯಲ್ಲಿ ಸುತ್ತಿಗೆ ಹಾಗೇ ನಿಂತಿತು.

ಗುಮಾಸ್ತ ಪೆನ್ನು ಎತ್ತಿಕೊಂಡೇ ಇದ್ದ. “ಇದನ್ನ ಬರಿಯೂದು ಬ್ಯಾಡೇನು, ತಂಗಿ? ನಿನಗ ತ್ರಾಸ ಆಗ್ತೈತಿ.”

“ಬರಕೋರಿ,” ಎಂದಳು ಕಾಶಿಬಾಯಿ. ಹತ್ತು ದಿನಗಳಲ್ಲಿ ಅವಳ ಮೊದಲ ಮಾತು. “ಅದನ್ನೂ ಬರಕೋರಿ.”

ಗುಮಾಸ್ತ ಬರೆದು ಓದಿದ. “‘ವಾಹನಗಳ ಸಂಚಾರದಿಂದ ಸದರಿ ಗೋರಿಗಳಿಗೆ ಹಾನಿಯಾಗಿದೆ.’ ಬರೋಬರಿ ಐತೇನು?”

“ವಾಹನ ಅಂತ ಬ್ಯಾಡ್ರಿ,” ಎಂದಳು ಭಾಗ್ಯಾ. “ಭಾಗ್ಯಾ ಹೊಡದಾಳ ಅಂತ ಬರೀರಿ. ದುಂಡೇಶಗೌಡ್ರು ಹೊಡಿಸ್ಯಾರ ಅಂತ ಬರೀರಿ.”

ಅಧಿಕಾರಿ ಅವಳನ್ನೇ ನೋಡಿದರು. “ಇದು ಬರದ್ರ ಗಾಡಿ ಇವತ್ತ ಬಂದ್ ಮಾಡಸ್ತೇನಿ. ಆದ್ರ ಕೇಸ್ ಇಬ್ಬರ ಮ್ಯಾಲೂ ಆಗ್ತೈತಿ. ಗೊತ್ತೈತಿಲ್ಲ?”

“ಗೊತ್ತೈತ್ರಿ.”

ಗುಮಾಸ್ತ ಹಳೆಯ ಸಾಲನ್ನು ಹೊಡೆದು ಹಾಕಿ ಹೊಸದು ಬರೆದ. ಎರಡೂ ಹೆಸರು ಒಂದೇ ಸಾಲಿನಲ್ಲಿ ಬಂದವು. ಭಾಗ್ಯಾ ಓದಿ ನೋಡಿದಳು. ಅಂಗೈಯ ಗಾಯ ಇನ್ನೂ ಮಾಯ್ದಿರಲಿಲ್ಲ; ಪೆನ್ನು ಹಿಡಿಯಲು ನೋವಾಯಿತು. ಗಟ್ಟಿಯಾಗಿ ಹಿಡಿದು ಕೆಳಗೆ ಸಹಿ ಹಾಕಿದಳು.